ಬಿಸಿಯಾದ ಎಂಜಿನ್, ತಣ್ಣನೆಯ ಲೆಕ್ಕ

ದಾವಣಗೆರೆಯ ಮನೆಯಿಂದ ಚಿತ್ರದುರ್ಗದ ಕಚೇರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಹೋಗಿ ಬರುವ ನನಗೆ, ಕಾರು ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಲೆಕ್ಕ ಬಾಯಿಪಾಠವಾಗಿದೆ. ಹದಿನಾರು ಕಿಲೋಮೀಟರ್ ಕೊಡುತ್ತಿದ್ದ ನನ್ನ ಹಳೆಯ ಪೆಟ್ರೋಲ್ ಕಾರು ಕಳೆದ ಡಿಸೆಂಬರಿನಲ್ಲಿ ಹನ್ನೆರಡೂವರೆಗೆ ಇಳಿಯಿತು. ಬೆಳಿಗ್ಗೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಏಳುತ್ತಿದ್ದ ಎಂಜಿನ್, ಭರಮಸಾಗರದಲ್ಲಿ ಚಹಾ ಕುಡಿದು ಬಂದು ಕೀಲಿ ತಿರುಗಿಸಿದರೆ ಮಾತ್ರ ಬಹಳ ಹೊತ್ತು ಎಳೆದು, ಪೆಟ್ರೋಲ್ ವಾಸನೆ ಬೀರಿ, ಆಮೇಲೆ ಶುರುವಾಗುತ್ತಿತ್ತು. ನಿಂತಲ್ಲಿ 800 ಆರ್‌ಪಿಎಂ ಇರಬೇಕಾದದ್ದು 1100ರ ಬಳಿ ಇರುತ್ತಿತ್ತು. ಇದೆಲ್ಲಕ್ಕಿಂತ ವಿಚಿತ್ರವೆಂದರೆ, ಹೆದ್ದಾರಿಯಲ್ಲಿ ಅರ್ಧಕ್ಕೆ ನಿಂತಿರುತ್ತಿದ್ದ ತಾಪಮಾನದ ಮುಳ್ಳು ಗಾಂಧಿ ವೃತ್ತದ ದಟ್ಟಣೆಯಲ್ಲಿ ಮೆಲ್ಲಗೆ ಮೇಲೇರುತ್ತಿತ್ತು. ಎಸಿ ಹಾಕಿದ ಕೂಡಲೇ ಇಳಿಯುತ್ತಿತ್ತು.

ಅಷ್ಟರಲ್ಲಿ ಚೆಕ್ ಎಂಜಿನ್ ದೀಪವೂ ಹೊತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0128, ಅಂದರೆ ಥರ್ಮೋಸ್ಟಾಟ್ ಕಾಯ್ದುಕೊಳ್ಳಬೇಕಾದ ಮಟ್ಟಕ್ಕೆ ಕೂಲೆಂಟ್ ಬಿಸಿಯಾಗುತ್ತಿಲ್ಲ ಎಂಬ ದೂರು. ಕೂಲೆಂಟ್ ಎಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ. "ಕೋಡೇ ಹೇಳ್ತೈತಲ್ರಿ ಸರ್, ಥರ್ಮೋಸ್ಟಾಟ್ ಓಪನ್ ಆಗಿ ಕುಂತೈತಿ, ಬದಲಿ ಮಾಡಿಬಿಡೋಣ" ಎಂದರು ಮೆಕ್ಯಾನಿಕ್. ನಾನೂ ತಲೆಯಾಡಿಸಿದೆ. ಥರ್ಮೋಸ್ಟಾಟ್ ಬಂತು, ಹೊಸ ಕೂಲೆಂಟ್ ಬಂತು, ನಾಲ್ಕನೆಯ ದಿನ ಅದೇ ಕೋಡ್ ಮರಳಿ ಬಂತು. ಮೆಕ್ಯಾನಿಕ್‌ನನ್ನು ದೂರುವುದರಲ್ಲಿ ಅರ್ಥವಿಲ್ಲ. ಮುಳ್ಳು ಮೇಲೇರುವ ಎಂಜಿನ್ ಅದು ಹೇಗೆ ಬಿಸಿಯಾಗದ ಎಂಜಿನ್ ಆಗಿರಲು ಸಾಧ್ಯ ಎಂಬ ಪ್ರಶ್ನೆಯನ್ನು ನಾನೇ ಅಲ್ಲಿ ಕೇಳಬೇಕಿತ್ತು.

ಉತ್ತರ ಇರುವುದು ಎರಡು ಸೆನ್ಸರುಗಳಲ್ಲಿ. ನನ್ನ ಕಾರಿನಲ್ಲಿ ಮುಳ್ಳನ್ನು ಆಡಿಸುವುದು ಒಂಟಿ ತಂತಿಯ ಒಂದು ಸೆನ್ಸರ್. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಸುದ್ದಿ ಮುಟ್ಟಿಸುವುದು ಎರಡು ತಂತಿಯ ಇನ್ನೊಂದು. ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಸೆನ್ಸರ್ ಎರಡೂ ಕೆಲಸ ಮಾಡುವುದರಿಂದ ಹೀಗೆ ಸಾಕ್ಷಿಗಳಿಬ್ಬರು ಬೇರೆಬೇರೆ ಮಾತಾಡುವ ಅನುಕೂಲ ಅಲ್ಲಿಲ್ಲ. ಇಸಿಯು ತನ್ನೊಳಗಿನ ಒಂದು ರೋಧಕದ ಮೂಲಕ ಸೆನ್ಸರಿಗೆ 5 ವೋಲ್ಟ್ ಕೊಟ್ಟು, ಎಷ್ಟು ವೋಲ್ಟ್ ಉಳಿಯಿತು ಎಂಬುದನ್ನು ನೋಡಿ ತಾಪಮಾನವನ್ನು ಲೆಕ್ಕ ಹಾಕುತ್ತದೆ. ಸೆನ್ಸರಿನೊಳಗಿರುವುದು ಬಿಸಿಯೇರಿದಂತೆ ರೋಧ ಇಳಿಯುವ ಥರ್ಮಿಸ್ಟರ್. ಸಾಮಾನ್ಯ ಬಗೆಯದು 20 ಡಿಗ್ರಿಯಲ್ಲಿ ಸುಮಾರು 2500 ಓಮ್ (ರೋಧದ ಅಳತೆ), 90 ಡಿಗ್ರಿಯಲ್ಲಿ 240ರ ಆಸುಪಾಸು ತೋರಿಸುತ್ತದೆ. ಎಂಜಿನ್ ತಣ್ಣಗಿದೆ ಎಂದು ಇಸಿಯು ನಂಬಿದರೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ನಿಂತಲ್ಲಿನ ಆರ್‌ಪಿಎಂ ಏರಿಸುತ್ತದೆ, ರೇಡಿಯೇಟರ್ ಫ್ಯಾನನ್ನು ಓಡಿಸುವುದೇ ಇಲ್ಲ. ಎಸಿ ಹಾಕಿದರೆ ಫ್ಯಾನ್ ಹೇಗೂ ತಿರುಗುವುದರಿಂದ ಬೇಸಿಗೆಯಲ್ಲಿ ಈ ರೋಗ ಮುಚ್ಚಿಹೋಗಿದ್ದಿರಬೇಕು.

ಇಸಿಯು ಕಾಣುತ್ತಿರುವ ಅಂಕಿಗಳನ್ನು ಓದಿ ಬ್ಲೂಟೂತ್‌ನಲ್ಲಿ ಮೊಬೈಲಿಗೆ ತೋರಿಸುವ ಅಗ್ಗದ ಒಬಿಡಿ ಉಪಕರಣವೊಂದನ್ನು ತರಿಸಿಕೊಂಡು, ರಾತ್ರಿಯಿಡೀ ನಿಂತಿದ್ದ ಕಾರಿನ ಕೀಲಿಯನ್ನು ಎಂಜಿನ್ ಚಾಲೂ ಮಾಡದೆ ಬೆಳಿಗ್ಗೆ ಆರಕ್ಕೆ ಆನ್ ಮಾಡಿದೆ. ಆ ಹೊತ್ತಿನಲ್ಲಿ ಒಳಬರುವ ಗಾಳಿಯ ತಾಪಮಾನವೂ ಕೂಲೆಂಟಿನ ತಾಪಮಾನವೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 20, ಕೂಲೆಂಟ್ 16 ಎಂದಿತು. ನಾಲ್ಕು ಡಿಗ್ರಿ ಏನು ಮಹಾ ಎಂದು ಸೆನ್ಸರಿಗೆ ಕ್ಲೀನ್ ಚಿಟ್ ಕೊಟ್ಟೆ. ಅದು ನನ್ನ ಎರಡನೆಯ ತಪ್ಪು. ಕಾರು ಚಿತ್ರದುರ್ಗ ಮುಟ್ಟುವ ಹೊತ್ತಿಗೆ, ಮೇಲಿನ ರೇಡಿಯೇಟರ್ ಹೋಸ್ ಮುಟ್ಟಲಾಗದಷ್ಟು ಸುಡುತ್ತಿದ್ದಾಗಲೂ, ಮೊಬೈಲಿನ ಪರದೆ 50 ಡಿಗ್ರಿ ಎಂದೇ ಹೇಳುತ್ತಿತ್ತು.

ಸೆನ್ಸರೇ ಕೆಟ್ಟಿದೆ ಎಂದು ಹೊಸದನ್ನು ಕೊಂಡುತಂದೆ. ಕೂಲೆಂಟ್ ಚೆಲ್ಲುವ ಮೊದಲು ಹೊಸದನ್ನೇ ಪರೀಕ್ಷಿಸೋಣವೆಂದು ಅದರ ಪಿನ್ನುಗಳಿಗೆ ಮಲ್ಟಿಮೀಟರ್ ಕಚ್ಚಿಸಿ, ಅಡುಗೆಮನೆಯ ಸ್ಟೀಲ್ ಲೋಟದಲ್ಲಿ ಕುದಿನೀರು ಹಾಕಿ ತುದಿಯನ್ನು ಮುಳುಗಿಸಿದೆ. 2400ರಲ್ಲಿದ್ದ ಅಂಕಿ ಸಾವಿರ, ಐನೂರು, ಮುನ್ನೂರು ಎಂದು ಜಾರುತ್ತ ಬಂದು 210ರ ಬಳಿ ನಿಂತಿತು. ಆಮೇಲೆ ಕಾರಿನಲ್ಲಿದ್ದ ಹಳೆಯದರ ಪ್ಲಗ್ ತೆಗೆದು, ಸೆನ್ಸರನ್ನು ಬಿಚ್ಚದೆ, ಎಂಜಿನ್ ಬಿಸಿಯಾಗಿರುವಾಗಲೇ ಅದರ ಪಿನ್ನುಗಳನ್ನು ಅಳೆದೆ: 250. ಹಳೆಯದೂ ಸರಿಯಾಗಿಯೇ ಇದೆ!

ಇನ್ನುಳಿದದ್ದು ತಂತಿ. ಪ್ಲಗ್ ಕಳಚಿಟ್ಟಾಗ ಮೊಬೈಲಿನಲ್ಲಿ ಮೈನಸ್ 40 ಡಿಗ್ರಿ ಬಂತು. ಸರ್ಕ್ಯೂಟ್ ತೆರೆದಿದ್ದರೆ ಬರಬೇಕಾದದ್ದೇ ಅದು. ಪ್ಲಗ್ಗಿನ ಎರಡು ರಂಧ್ರಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರೆ ರೋಧವೇ ಇಲ್ಲದಂತಾಗಿ ಅಂಕಿ 120 ಡಿಗ್ರಿ ದಾಟಿ ಜಿಗಿಯಬೇಕು. ಜಿಗಿಯಲಿಲ್ಲ. 60ಕ್ಕೆ ನಿಂತುಬಿಟ್ಟಿತು. ಅಂದರೆ ಸೆನ್ಸರೇ ಸರ್ಕ್ಯೂಟಿನಲ್ಲಿ ಇಲ್ಲದಿರುವಾಗಲೂ, 60 ಡಿಗ್ರಿಗೆ ತಕ್ಕ ಸುಮಾರು 600 ಓಮ್ ಎಲ್ಲಿಂದಲೋ ಬಂದು ಕುಳಿತಿತ್ತು. ಬೆಳಗಿನ ನಾಲ್ಕು ಡಿಗ್ರಿಯ ಒಗಟು ಬಿಡಿಸಿಕೊಂಡದ್ದು ಆಗ: ತಣ್ಣಗಿರುವಾಗ 2500ಕ್ಕೆ 600 ಸೇರಿದರೆ ಇಸಿಯುಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ಬಿಸಿಯಾದ ಮೇಲೆ 240ಕ್ಕೆ ಅದೇ 600 ಸೇರಿದರೆ 840 ಆಗಿ, 90 ಡಿಗ್ರಿಯ ಎಂಜಿನ್ 50 ಡಿಗ್ರಿಯದೆಂದು ಕಾಣುತ್ತದೆ. ತಣ್ಣನೆಯ ಎಂಜಿನ್ ಚೆನ್ನಾಗಿ ಏಳುವುದಕ್ಕೂ, ಭರಮಸಾಗರದ ಚಹಾದ ನಂತರ ಒದ್ದಾಡುವುದಕ್ಕೂ ಇದೊಂದೇ ಕಾರಣ.

ಪ್ಲಗ್ಗಿನ ಹಿಂದಿನ ರಬ್ಬರ್ ಸರಿಸಿದಾಗ ತಂತಿಯ ತಾಮ್ರ ಟರ್ಮಿನಲ್ಲಿಗೆ ಕೂಡುವ ಜಾಗದಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಮೇಲಿನ ಹೋಸಿನ ಸಡಿಲ ಕ್ಲಿಪ್ಪಿನಿಂದ ಕೂಲೆಂಟ್ ತೊಟ್ಟಿಕ್ಕಿ ಅಲ್ಲಿಗೇ ಇಳಿಯುತ್ತಿತ್ತು. ಎಲೆಕ್ಟ್ರಿಷಿಯನ್ ಕಿಲುಬು ಹಿಡಿದಷ್ಟು ತಂತಿಯನ್ನು ಕತ್ತರಿಸಿ, ಹೊಸ ಪ್ಲಗ್ಗನ್ನು ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಕ್ಲಿಪ್ಪನ್ನೂ ಬದಲಿಸಿದೆವು. ಆ ಸಂಜೆ ಎಸಿ ಇಲ್ಲದೆ ಗಾಂಧಿ ವೃತ್ತದಲ್ಲಿ ನಿಂತಿದ್ದಾಗ ಪರದೆಯಲ್ಲಿ 96 ಬಂದ ಕೂಡಲೇ ಫ್ಯಾನ್ ಗುಂಯ್ ಎಂದು ತಿರುಗಿತು. ತಿಂಗಳ ಮೇಲೆ ಕೇಳಿದ ಸದ್ದು. ಈಗ ಮೈಲೇಜು ಹದಿನೈದೂವರೆಗೆ ಮರಳಿದೆ. ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಲೋಟದಲ್ಲಿ ಮುಳುಗೆದ್ದ ಆ ಹೊಸ ಸೆನ್ಸರ್ ಮಾತ್ರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಉಳಿದಿದೆ.