ಗ್ರ್ಯಾಂಥಮ್ ಸಂತೆಯಲ್ಲಿ ಒಬ್ಬ ಶಾಲಾ ಹುಡುಗ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿದರೆ ಹೆಚ್ಚುಕಮ್ಮಿ ಒಂದೂಕಾಲು ಗಂಟೆಗೆ ಗ್ರ್ಯಾಂಥಮ್. ಲಿಂಕನ್‌ಶೈರ್ ಕಡೆಯ ಸಣ್ಣ ಸಂತೆ ಊರು. ಬೇಕೆಂದೇ ಶನಿವಾರ ಹೊರಟೆವು. ಐಸಾಕ್ ನ್ಯೂಟನ್ ಇಲ್ಲಿ ಓದುತ್ತಿದ್ದಾಗಲೂ ಶನಿವಾರವೇ ಸಂತೆ, ಈಗಲೂ ಅದೇ ದಿನ.

ಸಂತೆಯಲ್ಲಿ ಮೊದಲು ಕೊಂಡಿದ್ದು ಈ ಊರಿನ ಹೆಸರಿನಲ್ಲೇ ಇರುವ ಶುಂಠಿ ಬಿಸ್ಕತ್ತು. ಶುಂಠಿ ಬಿಸ್ಕತ್ತು ಅಂದರೆ ಕಂದು ಬಣ್ಣ, ಅಲ್ವಾ? ಇದು ಬಿಳಿಚು. ಮೇಲೆ ಗುಮ್ಮಟದ ಹಾಗೆ ಉಬ್ಬಿರುತ್ತದೆ. ಕಚ್ಚಿದರೆ ಗರಿಗರಿ, ಒಳಗೆ ಟೊಳ್ಳು. ಖಾರ ನಿಧಾನವಾಗಿ ಗಂಟಲಿಗೆ ಹತ್ತುತ್ತದೆ.

ನ್ಯೂಟನ್ ಹುಟ್ಟಿದ್ದು ಇಲ್ಲಿಂದ ದಕ್ಷಿಣಕ್ಕೆ ಸುಮಾರು 12 ಕಿ.ಮೀ. ದೂರದ ವೂಲ್ಸ್‌ಥಾರ್ಪ್‌ನಲ್ಲಿ. ದಿನಾ ನಡೆದು ಶಾಲೆಗೆ ಬರುವಷ್ಟು ಹತ್ತಿರವಲ್ಲ. ಹಾಗಾಗಿ 12 ವರ್ಷದ ಹುಡುಗನನ್ನು ಇಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕ್ಲಾರ್ಕ್ ಅವರ ಮನೆಯಲ್ಲಿ ಬಿಟ್ಟರು. ಆ ದಿನಗಳ ಕಥೆ ನಮಗೆ ಸಿಕ್ಕಿರುವುದು ಬಹುಪಾಲು ವಿಲಿಯಂ ಸ್ಟ್ಯೂಕ್ಲಿ ಎಂಬ ವೈದ್ಯರಿಂದ. 1726ರಲ್ಲಿ ಅವರು ಗ್ರ್ಯಾಂಥಮ್‌ಗೆ ಬಂದು ನೆಲೆಸಿದರು. ಮರುವರ್ಷ ನ್ಯೂಟನ್ ತೀರಿಕೊಂಡಾಗ ಊರಿನ ಮುದುಕರನ್ನು ಹುಡುಕಿ ಮಾತಾಡಿಸಿದರು. ಕ್ಲಾರ್ಕ್ ಮನೆಯಲ್ಲೇ ಬೆಳೆದಿದ್ದ, 80 ದಾಟಿದ ಒಬ್ಬ ಅಜ್ಜಿಯೂ ಸಿಕ್ಕರು. ಹುಡುಗ ಮಾತು ಕಡಿಮೆ, ಸದಾ ಯೋಚನೆ. ಹುಡುಗಿಯರಿಗೆ ಬೊಂಬೆ ಇಡಲು ಪುಟ್ಟ ಮೇಜು, ಕಪಾಟು ಮಾಡಿಕೊಡುತ್ತಿದ್ದ ಅಂತ ಅವರಿಗೆ ನೆನಪಿತ್ತು. ಆ ಅಜ್ಜಿಯನ್ನು ಯಾರೂ ಕೇಳದೇ ಹೋಗಿದ್ದರೆ? ನನಗೆ ಇಡೀ ಊರಲ್ಲಿ ಪದೇ ಪದೇ ಬಂದ ಯೋಚನೆ ಇದೇ.

ಊರ ಹತ್ತಿರ ಗಾಳಿಯಂತ್ರ ಕಟ್ಟುವಾಗ ಹುಡುಗ ಹೋಗಿ ನೋಡಿಕೊಂಡು ಬಂದು, ಅದರದೇ ಪುಟ್ಟ ಮಾದರಿ ಮಾಡಿದ. ಗಾಳಿ ಇಲ್ಲದಾಗ ತಿರುಗಿಸಲು ಒಳಗೊಂದು ಇಲಿ. ಅದು ಹಿಟ್ಟು ತಿಂದುಬಿಡುತ್ತದೆ ಅಂತ ತಮಾಷೆ ಮಾಡುತ್ತಿದ್ದನಂತೆ. ಚಳಿಗಾಲದ ಕತ್ತಲಲ್ಲಿ ಶಾಲೆಗೆ ಹೋಗಲು ಮಡಿಚುವ ಕಾಗದದ ಲಾಂದ್ರ ಮಾಡಿಕೊಂಡಿದ್ದ. ರಾತ್ರಿ ಅದನ್ನೇ ಗಾಳಿಪಟದ ಬಾಲಕ್ಕೆ ಕಟ್ಟಿ ಹಾರಿಸಿದ. ಹಳ್ಳಿಯವರು ಹೆದರಿ, ಸಂತೆ ದಿನ ಬಿಯರ್ ಕುಡಿಯುತ್ತಾ ಅದರದೇ ಮಾತು.

ಸೇಂಟ್ ವುಲ್ಫ್ರಮ್ ಚರ್ಚಿನ ಗೋಪುರ 86 ಮೀಟರ್ ಎತ್ತರ, ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. ಬಾಗಿಲ ಮಂಟಪದ ಮೇಲಿನ ಕೋಣೆಯಲ್ಲಿ 1598ರ ಪುಸ್ತಕಾಲಯ, ಪುಸ್ತಕಗಳಿಗೆ ಸರಪಳಿ. ಆದರೆ ನಾನು ಜಾಸ್ತಿ ಹೊತ್ತು ನಿಂತಿದ್ದು ಹೊರಗಿನ ಗೋಡೆಯ ಹತ್ತಿರ. ಹೊಟ್ಟೆಗೆ ಒದ್ದ ಸಹಪಾಠಿಯನ್ನು ನ್ಯೂಟನ್ ಶಾಲೆ ಬಿಟ್ಟ ಮೇಲೆ ಹೊಡೆದು, ಕಿವಿ ಹಿಡಿದು ಎಳೆದು, ಮುಖವನ್ನು ಚರ್ಚಿನ ಗೋಡೆಗೆ ಉಜ್ಜಿದ್ದನಂತೆ. ಅಲ್ಲಿಯವರೆಗೆ ಓದಿನಲ್ಲಿ ಹಿಂದಿದ್ದವನು ಆಮೇಲೆ ಹಠಕ್ಕೆ ಬಿದ್ದು ಶಾಲೆಗೇ ಮೊದಲಿಗನಾದ.

ಎದುರಿಗೇ ನ್ಯೂಟನ್ ಓದಿದ ಕಿಂಗ್ಸ್ ಸ್ಕೂಲ್‌ನ ಹಳೆಯ ಕಟ್ಟಡ. ಕಿಟಕಿಯ ಕಲ್ಲಿನಲ್ಲಿ ನ್ಯೂಟನ್ ಹೆಸರು ಕೆತ್ತಿದೆ. ಈಗಲೂ ಮಕ್ಕಳು ಓದುವ ಶಾಲೆ, ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ. ಹೊರಗಿನಿಂದಲೇ ನೋಡಿದೆವು.

ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಬೆಳೆದದ್ದೂ ಇದೇ ಊರಲ್ಲಿ, ನಾರ್ತ್ ಪೆರೇಡ್ ಮೂಲೆಯಲ್ಲಿದ್ದ ಅಪ್ಪನ ದಿನಸಿ ಅಂಗಡಿಯ ಮೇಲಿನ ಮನೆಯಲ್ಲಿ. ನಡೆಯುತ್ತಾ ಅದನ್ನೂ ನೋಡಿದೆವು. ಸೇಂಟ್ ಪೀಟರ್ಸ್ ಹಿಲ್‌ನಲ್ಲಿ 1858ರ ನ್ಯೂಟನ್ ಪ್ರತಿಮೆ ಇದೆ. 2022ರಿಂದ ಥ್ಯಾಚರ್ ಅವರದೂ ಇದೆ.

ನನ್ನ ಮನಸ್ಸಿಗೆ ಹತ್ತಿರವಾದವರು ಮಾತ್ರ ನ್ಯೂಟನ್‌ಗೆ ಪಾಠ ಹೇಳಿದ ಹೆನ್ರಿ ಸ್ಟೋಕ್ಸ್ ಮೇಷ್ಟ್ರು. ಮಗ ಜಮೀನು ನೋಡಿಕೊಳ್ಳಲಿ ಅಂತ ನ್ಯೂಟನ್‌ನ ತಾಯಿ ಹ್ಯಾನಾ ಶಾಲೆ ಬಿಡಿಸಿದರು. ಶನಿವಾರ ಧಾನ್ಯ ಮಾರಲು ಆಳಿನ ಜೊತೆ ಇದೇ ಸಂತೆಗೆ ಕಳಿಸುತ್ತಿದ್ದರು. ಹುಡುಗ ವ್ಯಾಪಾರವನ್ನು ಆಳಿಗೆ ಬಿಟ್ಟು ಕ್ಲಾರ್ಕ್ ಮನೆಯ ಅಟ್ಟ ಹತ್ತಿ ಪುಸ್ತಕ ಹಿಡಿಯುತ್ತಿದ್ದ. ಸ್ಟೋಕ್ಸ್ ತಾಯಿಯನ್ನು ಒಪ್ಪಿಸಿದರು. ಹೊರ ಊರಿನ ಮಕ್ಕಳು ಕೊಡಬೇಕಿದ್ದ ವರ್ಷದ 40 ಶಿಲ್ಲಿಂಗ್ ಬೇಡ ಅಂದರು. ಹುಡುಗ ವಾಪಸ್ ಬಂದ, 1661ರಲ್ಲಿ ಕೇಂಬ್ರಿಡ್ಜ್‌ಗೆ ಹೊರಟ. ಕೊನೆಯ ದಿನ ಮೇಷ್ಟ್ರು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೊಗಳಿದರಂತೆ. ಊರಿಗೆ ಹೋಗುವವರು ಪ್ರತಿಮೆ ನೋಡಿಯೇ ವಾಪಸಾಗಬೇಡಿ. ಹಳೆಯ ಶಾಲೆಯವರೆಗೂ ಹೋಗಿ, ಹತ್ತೇ ನಿಮಿಷದ ನಡಿಗೆ.