ಶಾಫ್ಟ್ ಮುರಿದದ್ದು ಯಾವಾಗ?

ಮೊನ್ನೆ ನಮ್ಮ ಮಿಲ್ಲಿನಲ್ಲಿ ಅಕ್ಕಿ ಪಾಲಿಶ್ ಮಾಡುವ ಯಂತ್ರದ ಶಾಫ್ಟ್, ಅಂದರೆ ತಿರುಗುವ ಉಕ್ಕಿನ ದಂಡ, ಪಟ್ ಅಂತ ಎರಡು ತುಂಡಾಯಿತು. ಗಂಗಾವತಿಯಲ್ಲಿ ಭತ್ತದ ಸೀಜನ್ನಿನಲ್ಲಿ ಮಿಲ್ ನಿಂತರೆ ಸಾಹುಕಾರರ ಬಿಪಿ ಏರದೆ ಇರುತ್ತಾ? ಪಕ್ಕದಲ್ಲಿದ್ದ ಹುಡುಗನ ಮೇಲೆ ಎಗರಾಡಿದರು. "ಲೋಡ್ ಜಾಸ್ತಿ ಹಾಕಿ ಮುರದಾನ, ಇವನ ಪಗಾರದಾಗ ಹಿಡೀರಿ" ಅಂತ ನನಗೆ ಹೇಳಿದರು. ಲೆಕ್ಕ ಬರೆಯುವವನು ನಾನೇ ಅಲ್ವಾ. ಮನುಷ್ಯ ಕೆಟ್ಟವರಲ್ಲ, ಹಬ್ಬಕ್ಕೆ ಕೈಬಿಚ್ಚಿ ಕೊಡ್ತಾರೆ. ಆದರೆ ಏನು ಕೆಟ್ಟರೂ ಹತ್ತಿರ ನಿಂತವನ ಹೆಸರೇ ಮೊದಲು ಬಾಯಿಗೆ ಬರುತ್ತೆ.

ತುಂಡುಗಳನ್ನು ಲೇತ್ ಅಂಗಡಿಗೆ ಒಯ್ದೆವು. ಅಂಗಡಿಯ ಚಾಚಾ ಮುರಿದ ಮುಖವನ್ನು ಒರೆಸಿ ಬಿಸಿಲಿಗೆ ಹಿಡಿದರು.

"ಇದು ಇವತ್ತ ಮುರದದ್ದಲ್ರಿ ಸಾವ್ಕಾರ್ರ."

"ಮತ್ತ?"

"ಭಾಳ ದಿನದಿಂದ ಮುರೀಲಿಕ್ಕತ್ತಿತ್ತು. ನಿಮಗ ಇವತ್ತ ಕಾಣ್ತು."

ಈ ಮಾತು ತಲೆಯಿಂದ ಹೋಗ್ತಾನೇ ಇಲ್ಲ.

ನಾನೂ ಬಗ್ಗಿ ನೋಡಿದೆ. ಬೇರಿಂಗ್ ಕೂರುವ ಕಡೆ ಶಾಫ್ಟ್ ಸಣ್ಣದಾಗುತ್ತಲ್ಲ, ಆ ಮೂಲೆಯಿಂದ ಶುರುವಾಗಿ ಮುಕ್ಕಾಲು ಭಾಗ ನುಣ್ಣಗೆ, ಕಪ್ಪಗೆ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಕೆರೆ ದಂಡೆಯಲ್ಲಿ ಬಿಡುವ ಗೆರೆಗಳ ಹಾಗೆ ಒಂದರ ಹಿಂದೊಂದು ಕಮಾನು. ಆಚೆ ಅಂಚಿನ ಚೂರು ಜಾಗ ಮಾತ್ರ ಒರಟಾಗಿ ಹೊಳೆಯುತ್ತಿತ್ತು. ಅವತ್ತು ಮುರಿದದ್ದು ಅಷ್ಟೇ.

ಬೆಲ್ಟ್ ಒಂದೇ ಕಡೆ ಎಳೆಯುತ್ತೆ, ಶಾಫ್ಟ್ ತಿರುಗುತ್ತೆ, ಹಾಗಾಗಿ ಪ್ರತಿ ಸುತ್ತಿಗೂ ಅದರ ಮೈ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತೆ. ನಿಮಿಷಕ್ಕೆ 900 ಸುತ್ತು ಅಂದರೆ ತಾಸಿಗೆ 54 ಸಾವಿರ ಸಲ! ಒಂದೇ ಏಟಿಗೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವೂ ಲಕ್ಷಗಟ್ಟಲೆ ಸಲ ಬಿದ್ದರೆ ಬಿರುಕು ಹುಟ್ಟಿಸುತ್ತೆ. ಜರ್ಮನಿಯ ಆಗಸ್ಟ್ ವೋಲರ್ 1850-60ರ ದಶಕಗಳಲ್ಲೇ ರೈಲಿನ ಅಚ್ಚುಗಳ ಮೇಲೆ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದ. ಚಾಚಾಗೆ ವೋಲರ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಹುಡುಗ ಲೋಡ್ ಹಾಕಿಯೇ ಮುರಿದಿದ್ದರೆ ಬೆಲ್ಟ್ ಜಾರಬೇಕಿತ್ತು, ಇಲ್ಲಾ ಇಂಥ ಮೆತ್ತನೆ ಉಕ್ಕು ಮೊದಲು ಬಾಗಿ, ತಿರುಚಿ, ಆಮೇಲೆ ಮುರಿಯಬೇಕಿತ್ತು. ಎರಡೂ ತುಂಡು ನೆಟ್ಟಗಿದ್ದವು. ಮುಕ್ಕಾಲು ಭಾಗ ಬಿರುಕು ಬಿಟ್ಟ ಮೇಲೂ ಅದು ಓಡಿತ್ತು ಅಂದರೆ ಲೋಡ್ ಕಡಿಮೆಯೇ ಇತ್ತು.

"ಈ ಮೂಲ್ಯಾಗ ರೇಡಿಯಸ್ಸೇ ಕೊಟ್ಟಿಲ್ಲ, ದುಂಡಗ ಮಾಡಿಲ್ಲ, ಚಾಕುವಿನಂಗ ಐತಿ. ಬಿರುಕು ಹುಟ್ಟಿದ್ದ ಇಲ್ಲೇ. ಯಾರ ಕಡೆ ಮಾಡಿಸಿದ್ರಿ?" ಅಂತ ಚಾಚಾ ಕೇಳಿದರು. ಸಾಹುಕಾರರು ಫೋನ್ ನೋಡತೊಡಗಿದರು. ನಾಲ್ಕು ಕಾಸು ಕಡಿಮೆ ಅಂತ ಬೇರೆ ಕಡೆ ಮಾಡಿಸಿದ್ದು ಮಿಲ್ಲಿಗೆಲ್ಲ ಗೊತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗಲೂ ನಮ್ಮ ಟೀ ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಡ್ಯೂಟಿ ಮೇಲೆ ಯಾರಿದ್ದರು ಅಂತ. ಡ್ಯಾಮಿಗೆ ಎಪ್ಪತ್ತು ವರ್ಷ ದಾಟಿದೆ ಅನ್ನೋದು ಎರಡನೇ ಟೀ ಆದ ಮೇಲೆ ನೆನಪಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ತುಂಡುಗಳನ್ನು, ಇಳಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು, ಸರಿಯೇ. ಆದರೆ ಮುರಿಯುವ ಮುಂಚೆ ಬೇರಿಂಗ್ ಬಿಚ್ಚಿ ಮೂಲೆ ನೋಡುವವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಮಿಲ್ ಯಾಕೆ ನಿಲ್ಲಿಸಿದೆ ಅಂತ ಬೈಸಿಕೊಳ್ಳುವವನೂ ಅವನೇ.

ಹೊಸ ಶಾಫ್ಟ್ ಬಂತು, ಮೂಲೆ ದುಂಡಗಿದೆ. ಶನಿವಾರ ಬಟವಾಡೆ. ಖರ್ಚನ್ನು ರಿಪೇರಿ ಖಾತೆಗೇ ಬರೆದಿದ್ದೇನೆ, ಹುಡುಗನ ಹೆಸರಿಗಲ್ಲ. ಸಾಹುಕಾರರು ಇನ್ನೂ ಪುಸ್ತಕ ನೋಡಿಲ್ಲ. ಕೇಳಿದರೆ ತುಂಡು ಚಾಚಾ ಅಂಗಡಿಯಲ್ಲೇ ಇದೆ, ಹೋಗಿ ನೋಡಲಿ.