ಹಾರ್ಸ್‌ಶೂ ಕ್ಯಾನ್ಯನ್: ಒಬ್ಬರೇ ಹೋಗುವವರಿಗೆ ಒಂದು ದಿನದ ಲೆಕ್ಕ

ಯೂಟಾದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದರೂ ಹಾರ್ಸ್‌ಶೂ ಕ್ಯಾನ್ಯನ್ ಅದಕ್ಕೆ ಅಂಟಿಕೊಂಡಿಲ್ಲ, ದೂರದಲ್ಲಿ ಬೇರೆಯಾಗಿಯೇ ಇದೆ. ಉದ್ಯಾನಕ್ಕೆ ಸೇರಿಸಿದ್ದು 1971ರಲ್ಲಿ. ಉತ್ತರ ಅಮೆರಿಕದ ಬಂಡೆಚಿತ್ರಗಳಲ್ಲಿ ಒಂದನ್ನಷ್ಟೇ ನೋಡಲು ಸಾಧ್ಯ ಎಂದಾದರೆ ಇಲ್ಲಿನ ಗ್ರೇಟ್ ಗ್ಯಾಲರಿಯನ್ನೇ ನೋಡಿ.

ಹೋಗಿಬರಲು ಒಟ್ಟು 11 ಕಿಲೋಮೀಟರ್, ಸುಮಾರು 6 ಗಂಟೆ. ಬೆಟ್ಟದ ಚಾರಣದಲ್ಲಿ ಮೊದಲು ಹತ್ತಿ ಕೊನೆಗೆ ಇಳಿಯುತ್ತೇವೆ. ಇಲ್ಲಿ ಬೆಳಗಿನ ತಂಪಿನಲ್ಲಿ 240 ಮೀಟರ್ ಇಳಿದು, ಮಧ್ಯಾಹ್ನ ದಣಿದ ಕಾಲಲ್ಲಿ ಅಷ್ಟನ್ನೂ ಹತ್ತಬೇಕು. ಹಾಗಾಗಿ ಸಮಯ, ನೀರು ಎರಡನ್ನೂ ಆ ಕೊನೆಯ ಏರಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಬೆಳಿಗ್ಗೆ 7ಕ್ಕೆ ಹೊರಟರೆ ಸುಮಾರು 10ಕ್ಕೆ ಗ್ರೇಟ್ ಗ್ಯಾಲರಿ. ಅಲ್ಲಿ ಒಂದು ಗಂಟೆ ಕೂತರೂ ಮಧ್ಯಾಹ್ನ ಎರಡರ ಹೊತ್ತಿಗೆ ಕಾರಿನ ಹತ್ತಿರ ಇರಬಹುದು. ನೀರು ತಲೆಗೆ 4 ಲೀಟರ್. ಗ್ಯಾಲರಿ ತಲುಪಿದಾಗ ಅರ್ಧ ಉಳಿದಿರಲೇಬೇಕು. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಓಆರ್‌ಎಸ್ ಪುಡಿ, ಉಪ್ಪು ಹಾಕಿದ ಕಡಲೆಬೀಜ ಇಟ್ಟುಕೊಳ್ಳಿ. ಚಾರಣ ಶುರುವಾಗುವ ಜಾಗದಲ್ಲಿ ಶೌಚಾಲಯವಿದೆ, ನೀರಿಲ್ಲ. ಕಾರಿನಲ್ಲಿ ಬೇರೆಯೇ 4 ಲೀಟರ್ ಇರಲಿ.

ಯೂಟಾ 24ನೇ ಹೆದ್ದಾರಿ ಬಿಟ್ಟ ಮೇಲೆ 48 ಕಿಲೋಮೀಟರ್ ಮಣ್ಣು ರಸ್ತೆ. ಒಣಗಿದ್ದಾಗ ಸಾಮಾನ್ಯವಾಗಿ ಸಾಧಾರಣ ಕಾರೂ ಹೋಗುತ್ತದೆ. ಗಾಳಿ ಬೀಸಿದ್ದರೆ ಅಲ್ಲಲ್ಲಿ ಮರಳು ಪೇರಿಕೊಂಡಿರುತ್ತದೆ. ಅಂಥ ಕಡೆ ವೇಗ ತಗ್ಗಿಸಿ ನಿಲ್ಲದೆ ದಾಟಬೇಕು, ನಡುವೆ ನಿಂತರೆ ಚಕ್ರ ಹೂತುಕೊಳ್ಳುತ್ತದೆ. ಮಳೆ ಬಂದ ದಿನ ಹೋಗಲೇಬೇಡಿ. ಟ್ಯಾಂಕ್ ತುಂಬಿಸಿ, ಸ್ಟೆಪ್ನಿಯ ಗಾಳಿ ನೋಡಿಕೊಂಡು ಹೊರಡಿ.

ಇಳಿಯುವ ದಾರಿ 1920ರ ದಶಕದಲ್ಲಿ ತೈಲ ಕಂಪನಿಯವರು ಕಡಿದ ಹಳೇ ರಸ್ತೆ. ಬರೀ ಬಂಡೆಯ ಮೇಲೆ ಕಾಲುಹಾದಿ ಕಾಣುವುದಿಲ್ಲ, ದಾರಿ ತೋರಲು ಪೇರಿಸಿಟ್ಟ ಕಲ್ಲುಗುಪ್ಪೆಗಳನ್ನು ನೋಡಿಕೊಂಡು ಹೆಜ್ಜೆ ಇಡಿ. ತಳ ಮುಟ್ಟಿದ ಕೂಡಲೇ ಹಿಂದೆ ತಿರುಗಿ ನೋಡಿ, ಹಾದಿ ಹಳ್ಳಕ್ಕೆ ಸೇರುವ ಜಾಗದ ಫೋಟೋ ತೆಗೆದುಕೊಳ್ಳಿ. ವಾಪಸ್ ಬರುವಾಗ ತಲೆ ತಗ್ಗಿಸಿ ಮರಳು ತುಳಿಯುತ್ತಾ ಈ ತಿರುವನ್ನು ದಾಟಿ ಮುಂದೆ ಹೋಗಿಬಿಡುವುದು ಸುಲಭ. ಜೊತೆಯಲ್ಲಿ ಎಚ್ಚರಿಸುವವರೂ ಇರುವುದಿಲ್ಲ.

ತಳದಲ್ಲಿ ಬಲಕ್ಕೆ ತಿರುಗಿ, ಹಳ್ಳದ ಮೇಲ್ಮುಖವಾಗಿ ನಡೆಯಬೇಕು. ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆಯೂ ಸ್ವಲ್ಪ ಹಿಂದೆ ಜಾರುವುದರಿಂದ ಮಾಮೂಲಿ ವೇಗ ಸಿಗುವುದಿಲ್ಲ. ನೀರು ಹರಿದು ಗಟ್ಟಿಯಾದ ಅಂಚು ಹುಡುಕಿ ನಡೆಯಿರಿ. ದಡದ ಮೇಲಿನ ಕಪ್ಪು, ಉಬ್ಬುತಗ್ಗಿನ ಮಣ್ಣು ಮಾತ್ರ ತುಳಿಯಬೇಡಿ: ಅದು ಜೀವಂತ ಹೊದಿಕೆ, ಒಂದು ಹೆಜ್ಜೆಗುರುತು ಮಾಯಲು ವರ್ಷಗಟ್ಟಲೆ ಬೇಕು.

ಹೈ ಗ್ಯಾಲರಿ, ಹಾರ್ಸ್‌ಶೂ ಶೆಲ್ಟರ್, ಆಲ್ಕೋವ್ ಗ್ಯಾಲರಿ ದಾರಿಯಲ್ಲೇ ಸಿಗುತ್ತವೆ. ಇವುಗಳನ್ನು ಹೋಗುವಾಗಲೇ ನೋಡಿ, ಬರುವಾಗ ನಿಲ್ಲುವ ಮನಸ್ಸಿರುವುದಿಲ್ಲ. ಕೊನೆಗೆ ಗ್ರೇಟ್ ಗ್ಯಾಲರಿ: ಸುಮಾರು 60 ಮೀಟರ್ ಉದ್ದದ ಗೋಡೆ, ಆಳೆತ್ತರದ ಇಪ್ಪತ್ತಕ್ಕೂ ಹೆಚ್ಚು ಆಕೃತಿಗಳು. ಕೈಕಾಲಿಲ್ಲದ ನೀಳ ಮೈ, ಖಾಲಿ ಕಣ್ಣುಗುಳಿ. ‘ಹೋಲಿ ಘೋಸ್ಟ್’ ಎಂದು ಈಗಿನವರು ಕರೆಯುವ ಆಕೃತಿ ಏಳು ಅಡಿಗೂ ಎತ್ತರ. ಅದರ ಬಣ್ಣ ಕುಂಚದಿಂದ ಎಳೆದಂತಿಲ್ಲ, ಬಾಯಿಂದ ಊದಿ ಚಿಮುಕಿಸಿದ ಹಾಗೆ ಅಂಚು ಮಸುಕಾಗಿದೆ. ಕೆಲವು ಆಕೃತಿಗಳ ಎದೆಯ ಮೇಲೆ ಪುಟ್ಟ ಪ್ರಾಣಿಗಳಿವೆ; ದುರ್ಬೀನು ಇಲ್ಲದಿದ್ದರೆ ಅವು ತಪ್ಪಿಹೋಗುತ್ತವೆ. ಬಣ್ಣ ಕೆಮ್ಮಣ್ಣಿನದು, ಗೋಡೆ ನವಾಹೋ ಮರಳುಗಲ್ಲಿನದು.

ಇದರ ವಯಸ್ಸು ಕಂಡುಹಿಡಿದ ಬಗೆಯೇ ಸೊಗಸು. ಗೋಡೆಯಿಂದ ಒಂದು ಚಕ್ಕೆ ಕೆಲವು ಆಕೃತಿಗಳನ್ನೂ ಕಿತ್ತುಕೊಂಡು ಬಿದ್ದಿದೆ. ಅದರಡಿಯ ಮರಳಿಗೆ ಕೊನೆಯ ಸಲ ಬೆಳಕು ತಾಗಿದ್ದು ಯಾವಾಗ ಎಂದು ಅಳೆದರೆ ಚಕ್ಕೆ ಬಿದ್ದ ಕಾಲ ತಿಳಿಯುತ್ತದೆ; ಚಿತ್ರ ಅದಕ್ಕೂ ಮೊದಲಿನದು. ಇಂಥ ಅಳತೆಗಳಿಂದ 2014ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಕ್ರಿ.ಶ. 1ರಿಂದ 1100ರ ನಡುವೆ ಇಟ್ಟಿತು. ಅದಕ್ಕೂ ಹಿಂದಿನ ಅಂದಾಜುಗಳು ಇನ್ನೂ ಹಳೆಯ ಕಾಲ ಹೇಳುತ್ತಿದ್ದವು. ಮುಟ್ಟಬೇಡಿ, ಬೆರಳ ಜಿಡ್ಡು ಬಣ್ಣಕ್ಕೂ ಮುಂದಿನ ಪರೀಕ್ಷೆಗಳಿಗೂ ಕೇಡು.

ವಸಂತ, ಶರತ್ಕಾಲ ಒಳ್ಳೆಯದು. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ದಿಢೀರ್ ಪ್ರವಾಹದ ಭಯ. ನಿಮ್ಮ ನೆತ್ತಿಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಎಲ್ಲೋ ಸುರಿದ ಮಳೆ ಹಳ್ಳದಲ್ಲಿ ಬರುತ್ತದೆ. ನೀರು ಕೆಂಪಾಗಿ ಏರತೊಡಗಿದರೆ ತಕ್ಷಣ ದಡ ಹತ್ತಿ, ಇಳಿಯುವವರೆಗೆ ದಾಟಬೇಡಿ.

2003ರ ಏಪ್ರಿಲ್‌ನಲ್ಲಿ ಆರನ್ ರಾಲ್ಸ್ಟನ್ ಎಂಬ ಚಾರಣಿಗ ಬಂಡೆಗೆ ಕೈ ಸಿಕ್ಕಿ ಐದು ದಿನ ಒಬ್ಬನೇ ಒದ್ದಾಡಿದ್ದು ಈ ಕೊಳ್ಳಕ್ಕೆ ಸೇರುವ ಬ್ಲೂಜಾನ್ ಕಮರಿಯಲ್ಲಿ. ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಕೊಳ್ಳದಲ್ಲಿ ಫೋನ್ ಸಿಗುತ್ತದೆಂದು ನಂಬಬೇಡಿ. ಹೊರಡುವ ಮೊದಲೇ ಮನೆಯವರಿಗೋ ಗೆಳೆಯರಿಗೋ ಸಂದೇಶ ಕಳಿಸಿ: ಹಾರ್ಸ್‌ಶೂ ಕ್ಯಾನ್ಯನ್, ವೆಸ್ಟ್ ರಿಮ್ (ಚಾರಣ ಶುರುವಾಗುವ ಪಶ್ಚಿಮದ ಅಂಚು), ಕಾರಿನ ನಂಬರ್, ಇಷ್ಟು ಗಂಟೆಯೊಳಗೆ ನನ್ನ ಕರೆ ಬಾರದಿದ್ದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಹೇಳಿ ಅಲ್ಲಿನ ಕೌಂಟಿಯ (ಜಿಲ್ಲೆಯ) ಶೆರಿಫ್, ಅಂದರೆ ಪೊಲೀಸ್ ಕಚೇರಿಗೆ ಸುದ್ದಿ ಮುಟ್ಟಿಸಿ ಎಂದು. ಆ ಗಡುವಿಗೆ ಮಣ್ಣು ರಸ್ತೆಯ ಒಂದೂವರೆ ಗಂಟೆಯನ್ನೂ ಸೇರಿಸಿರಿ.